ಗೋಡೆಗಳ ಗಣತಿ

1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವ. ಮಹಾರಾಷ್ಟ್ರದ ಲಾತೂರು ಮತ್ತು ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಗಾಢನಿದ್ರೆಯಲ್ಲಿದ್ದರು. ಹಿಂದಿನ ದಿನ ಅನಂತ ಚತುರ್ದಶಿ. ಮೆರವಣಿಗೆ ಮುಗಿಸಿ, ಗಣಪತಿಯನ್ನು ನೀರಿಗೆ ಬಿಟ್ಟು, ಮನೆಗೆ ಬಂದು ತಡವಾಗಿ ಮಲಗಿದವರೇ ಹೆಚ್ಚು. ಗಂಟೆ ನಾಲ್ಕಾಗಲು ಇನ್ನು ಕೆಲವೇ ನಿಮಿಷಗಳಿದ್ದಾಗ ಕಿಲ್ಲಾರಿ ಎಂಬ ಊರಿನ ಸಮೀಪದಲ್ಲಿ ಭೂಮಿ ನಡುಗಿತು. ನಡುಕವು ಒಂದು ನಿಮಿಷದೊಳಗಾಗಿಯೇ ನಿಂತಿತು. ಅಷ್ಟರಲ್ಲಿ ಊರಿಗೆ ಊರೇ ಕಲ್ಲುಮಣ್ಣಿನ ರಾಶಿಯಾಗಿತ್ತು. ಸರ್ಕಾರದ ಲೆಕ್ಕದ ಪ್ರಕಾರವೇ ಸುಮಾರು ಎಂಟು ಸಾವಿರ ಜನರು ಪ್ರಾಣ ಕಳೆದುಕೊಂಡರು. ಕಿಲ್ಲಾರಿಯು ನಮ್ಮ ನಾಡಿನ ಬಸವಕಲ್ಯಾಣ, ಆಳಂದಗಳ ಗಡಿಗೆ ಬಹಳ ದೂರದ ಊರಲ್ಲ. ಬೀದರ, ಕಲಬುರಗಿಗಳಲ್ಲಿಯೂ ಜನರು ಆ ಮುಂಜಾವಿನಲ್ಲಿ ಬೆಚ್ಚಿ ಬೀದಿಗೆ ಬಂದರು.

ಈ ಭೂಕಂಪದ ಪರಿಮಾಣವನ್ನು ವಿಜ್ಞಾನಿಗಳು 6.2 ಎಂದು ಅಳೆದರು. ಇದು ದೊಡ್ಡದೆ? ಇದಾದ ನಾಲ್ಕು ತಿಂಗಳೊಳಗೆ, 1994ರ ಜನವರಿ 17ರಂದು, ಅಮೆರಿಕದ ಲಾಸ್ ಏಂಜಲಿಸ್ ನಗರದ ಮಗ್ಗುಲಲ್ಲಿರುವ ನಾರ್ತ್‌ರಿಜ್ ಎಂಬಲ್ಲಿ 6.7 ಪರಿಮಾಣದ ಭೂಕಂಪವಾಯಿತು. ಪರಿಮಾಣದಲ್ಲಿ ಅರ್ಧ ಅಂಕದ ವ್ಯತ್ಯಾಸವೆಂದರೆ ಬಿಡುಗಡೆಯಾಗುವ ಶಕ್ತಿಯಲ್ಲಿ ಐದು ಪಟ್ಟಿಗೂ ಮಿಕ್ಕ ವ್ಯತ್ಯಾಸ. ಅದೂ ಬೆಳಗಿನ ಜಾವವೇ. ಅಲ್ಲಿಯೂ ಜನರು ಮನೆಗಳಲ್ಲಿ ಮಲಗಿದ್ದರು. ಮೇಲಾಗಿ ಅದು ಲಕ್ಷಾಂತರ ಜನರು ಒತ್ತಾಗಿ ವಾಸಿಸುವ ನಗರ ಪ್ರದೇಶ. ಸತ್ತವರ ಸಂಖ್ಯೆ ಮಾತ್ರ ಅರವತ್ತರ ಆಸುಪಾಸು. ಐದು ಪಟ್ಟು ಹೆಚ್ಚಿನ ಶಕ್ತಿಗೆ ಅರವತ್ತು ಜೀವ, ಕಡಮೆ ಶಕ್ತಿಗೆ ಎಂಟು ಸಾವಿರ ಜೀವ! ಈ ಲೆಕ್ಕವು ಭೂಮಿಯೊಂದನ್ನೇ ನೋಡಿದರೆ ಬಿಡಿಸಲಾಗದ ಒಗಟು. ಇದನ್ನು ಬಿಡಿಸಬೇಕಾದರೆ ನಾವು ಕಿಲ್ಲಾರಿಯ ಗೋಡೆಗಳ ಬಳಿಗೆ ಹೋಗಬೇಕು.

ಮರಾಠವಾಡದ ಹಳೆಯ ಮನೆ ನಮ್ಮ ಉತ್ತರ ಕರ್ನಾಟಕದ ಮಾಳಿಗೆ ಮನೆಯ ಸಹೋದರ. ಎರಡು ಅಡಿಗೂ ಹೆಚ್ಚು ದಪ್ಪನಾದ ಕಾಡುಗಲ್ಲಿನ ಗೋಡೆ. ಕಲ್ಲುಗಳ ನಡುವೆ ಸುಣ್ಣವಿಲ್ಲ, ಸಿಮೆಂಟಿಲ್ಲ, ಬರಿಯ ಕೆಸರುಮಣ್ಣು. ಮೇಲೆ ತೊಲೆ, ಜಂತೆ, ಹಲಗೆ. ಅವುಗಳ ಮೇಲೆ ಮಣ್ಣಿನ ಮೇಲ್ಮುದ್ದೆ. ಬೇಸಗೆಯ ಉರಿಬಿಸಿಲಿನಲ್ಲಿ ಈ ಮನೆಯ ಒಳಗೆ ಕಾಲಿಟ್ಟವರಿಗೆ ಅದರ ತಂಪು ಎಂಥದೆಂದು ಗೊತ್ತು. ಕಟ್ಟಿದವರು ಮೂಢರಲ್ಲ, ಸೆಕೆಗೂ ಚಳಿಗೂ ಕಳ್ಳರಿಗೂ ಈ ಮನೆ ತಕ್ಕ ಉತ್ತರವಾಗಿತ್ತು. ಗೋಡೆ ದಪ್ಪವಾದಷ್ಟೂ ಮನೆತನ ದೊಡ್ಡದೆಂಬ ಹೆಮ್ಮೆಯೂ ಇತ್ತು. ಆದರೆ ಆ ದಪ್ಪ ಗೋಡೆಯು ನಿಜವಾಗಿ ಒಂದು ಗೋಡೆಯಲ್ಲ, ಎರಡು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು ಕಲ್ಲು. ನಡುವಣ ಸಂದಿಗೆ ಚೂರುಕಲ್ಲು ಮತ್ತು ಮಣ್ಣು. ಹೊರಗಿನಿಂದ ಒಳಗಿನವರೆಗೆ ಚಾಚಿಕೊಂಡು ಎರಡು ಸಾಲುಗಳನ್ನೂ ಕಚ್ಚಿ ಹಿಡಿಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಅವುಗಳಿಗೆ ಬಂಧವಿರುತ್ತಿತ್ತು. ಬಹುಮಟ್ಟಿನ ಮನೆಗಳಲ್ಲಿ ಅಂಥ ಬಂಧಗಲ್ಲುಗಳೇ ಇರಲಿಲ್ಲ. ನೆಲ ಅಡ್ಡಡ್ಡವಾಗಿ ಅಲುಗಿದಾಗ ಎರಡು ಸಾಲುಗಳು ಒಂದನ್ನೊಂದು ಬಿಟ್ಟವು. ಹೊರಸಾಲು ಬೀದಿಗೆ ಉರುಳಿತು. ಒಳಸಾಲು ಮಲಗಿದ್ದವರ ಮೇಲೆ ಉರುಳಿತು. ಆಧಾರ ತಪ್ಪಿದ ಮಾಳಿಗೆ ಅದರ ಮೇಲೆ ಕುಸಿಯಿತು.

ಆ ಮಾಳಿಗೆಯ ತೂಕವೆಷ್ಟು? ನೀವೇ ಲೆಕ್ಕ ಹಾಕಿ ನೋಡಬಹುದು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಒಂದು ಸಣ್ಣ ಕೋಣೆ. ಅದರ ಮೇಲೆ ಅರ್ಧ ಮೀಟರ್ ಮಣ್ಣು. ಅಂದರೆ ನಾಲ್ಕೂವರೆ ಘನ ಮೀಟರ್. ಒಂದು ಘನ ಮೀಟರ್ ಮಣ್ಣಿನ ತೂಕ ಒಂದೂವರೆ ಟನ್ನಿಗೆ ಕಡಮೆಯಿಲ್ಲ. ಹಾಗಾದರೆ ಆ ಕೋಣೆಯವರ ತಲೆಯ ಮೇಲೆ ಸುಮಾರು ಏಳು ಟನ್ ಭಾರ, ಒಂದು ಲಾರಿಯ ಹೊರೆ. ಮಳೆಗಾಲಕ್ಕೆ ಮುಂಚೆ ಸೋರದಿರಲೆಂದು ಹೊಸ ಮಣ್ಣು ಹಾಕುವುದು ವಾಡಿಕೆ; ಹಳೆಯದನ್ನು ತೆಗೆಯುವವರು ಕಡಮೆ. ಹೀಗೆ ಪ್ರತಿ ತಲೆಮಾರೂ ಮನೆಯ ಮೇಲೆ ಒಂದಿಷ್ಟು ಭಾರವನ್ನು ಏರಿಸುತ್ತ ಬಂದಿತ್ತು. ಭೂಕಂಪವು ಕಟ್ಟಡವನ್ನು ತಳ್ಳುವ ಬಲವು ಆ ಕಟ್ಟಡದ ತೂಕಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದನ್ನು ನೆನಪಿಡಬೇಕು. ಬಸ್ಸು ಗಕ್ಕನೆ ನಿಂತಾಗ ಬರಿಗೈಯವನು ಹೇಗೋ ಸಾವರಿಸಿಕೊಳ್ಳುತ್ತಾನೆ, ತಲೆಯ ಮೇಲೆ ಮೂಟೆ ಹೊತ್ತವನು ಮುಗ್ಗರಿಸುತ್ತಾನೆ.

ಭಾರತದ ಭೂಕಂಪ ವಲಯಗಳ ನಕ್ಷೆಯೊಂದು ಆಗಲೇ ಇತ್ತು. ನಮ್ಮ ದೇಶದಲ್ಲಿ ಭೂಕಂಪಕ್ಕೆ ತಕ್ಕಂತೆ ಕಟ್ಟಡಗಳನ್ನು ರೂಪಿಸುವ ನಿಯಮಾವಳಿ ಮೊದಲು ಪ್ರಕಟವಾದದ್ದು 1962ರಲ್ಲಿ. 1993ರಲ್ಲಿ ಜಾರಿಯಲ್ಲಿದ್ದ ನಕ್ಷೆಯು ಕಿಲ್ಲಾರಿಯ ಪ್ರದೇಶವನ್ನು ಒಂದನೆಯ ವಲಯದಲ್ಲಿ, ಎಂದರೆ ಎಲ್ಲಕ್ಕಿಂತ ಕಡಮೆ ಭಯವಿರುವ ವಲಯದಲ್ಲಿ ಇಟ್ಟಿತ್ತು. 2002ರ ಪರಿಷ್ಕರಣದಲ್ಲಿ ಒಂದನೆಯ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿಯನ್ನು ಮೂರನೆಯ ವಲಯಕ್ಕೆ ಸೇರಿಸಿದರು. ಅದೇ ನಿಯಮಾವಳಿಯ ಪಟ್ಟಿಯಲ್ಲಿ ನಮ್ಮ ಬೆಳಗಾವಿ, ವಿಜಯಪುರ, ಧಾರವಾಡ, ಕಾರವಾರ, ಮಂಗಳೂರುಗಳು ಮೂರನೆಯ ವಲಯದಲ್ಲಿಯೂ ಬೆಂಗಳೂರು, ಮೈಸೂರುಗಳು ಎರಡನೆಯದರಲ್ಲಿಯೂ ಬಂದಿದ್ದುವು. ನಕ್ಷೆ ಮಾಡಿದವರನ್ನು ಇಲ್ಲಿ ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ನೆಲದ ಆಳದಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಪೂರ್ಣವಾಗಿ ಬಲ್ಲವರು ಇನ್ನೂ ಯಾರೂ ಇಲ್ಲ; ಇಂಥ ದಿನ ಇಂಥ ಊರಿನಲ್ಲಿ ಭೂಕಂಪವಾಗುತ್ತದೆಂದು ಮುಂಚಿತವಾಗಿ ಹೇಳುವ ವಿದ್ಯೆಯೂ ಮನುಷ್ಯನಿಗೆ ಕೈಗೂಡಿಲ್ಲ. ಆದರೆ ಗೋಡೆ ನೆಲದ ಮೇಲಿರುವ ವಸ್ತು, ಕಣ್ಣಿಗೆ ಕಾಣುವಂಥದು. ಭೂಕಂಪ ಯಾವಾಗ ಬರುವುದೆಂದು ತಿಳಿಯದಿದ್ದರೂ, ಬಂದರೆ ಯಾವ ಮನೆಗಳು ಮೊದಲು ಬೀಳುವುವು ಎಂಬುದನ್ನು ತಿಳಿಯಲು ಸಾಧ್ಯ. ನಡುಕವನ್ನು ತಾಳಲಾರದೆ ಕೆಡುವ ಈ ಗುಣಕ್ಕೆ ತಜ್ಞರು ‘ಹಾನಿಸಾಧ್ಯತೆ’ ಎನ್ನುತ್ತಾರೆ.

ಒಂದು ಮನೆಯ ಹಾನಿಸಾಧ್ಯತೆಯನ್ನು ಅರಿಯಲು ಇಂಜಿನಿಯರ್ ಆದವನಿಗೆ ಕಷ್ಟವಿಲ್ಲ. ಅವನು ಗೋಡೆಯನ್ನು ಅಳೆಯುತ್ತಾನೆ, ತಳಪಾಯವನ್ನು ಅಗೆದು ನೋಡುತ್ತಾನೆ, ಕಾಂಕ್ರೀಟಿನೊಳಗಿನ ಕಬ್ಬಿಣವನ್ನು ಪರೀಕ್ಷಿಸುತ್ತಾನೆ, ಲೆಕ್ಕ ಮಾಡುತ್ತಾನೆ. ಇದಕ್ಕೆ ಒಂದೇ ದಿನ ಸಾಕೆಂದು ಉದಾರವಾಗಿ ಭಾವಿಸೋಣ. 2011ರ ಜನಗಣತಿಯು ದೇಶದಲ್ಲಿ ಎಣಿಸಿದ ಮನೆಗಳು ಸುಮಾರು 33 ಕೋಟಿ (ಗಣತಿಯ ಭಾಷೆಯಲ್ಲಿ ಮನೆಯೆಂದರೆ ಅಂಗಡಿ, ಶಾಲೆಗಳೂ ಸೇರುತ್ತವೆ). ಒಂದು ಸಾವಿರ ಇಂಜಿನಿಯರರು ವರ್ಷಕ್ಕೆ ಮುನ್ನೂರು ದಿನ, ದಿನಕ್ಕೊಂದು ಮನೆಯಂತೆ ಪರೀಕ್ಷಿಸುತ್ತ ಹೋದರೆ ವರ್ಷಕ್ಕೆ ಮೂರು ಲಕ್ಷ ಮನೆಗಳಾದುವು. ಎಲ್ಲವೂ ಮುಗಿಯಬೇಕಾದರೆ ಸಾವಿರದ ನೂರು ವರ್ಷಗಳು ಬೇಕು! ಅಷ್ಟರಲ್ಲಿ ಮೊದಲು ನೋಡಿದ ಮನೆಗಳು ಎಂದೋ ಮಣ್ಣುಗೂಡಿರುತ್ತವೆ. ಆದುದರಿಂದ ಒಂದು ಜಿಲ್ಲೆಯನ್ನೋ ರಾಜ್ಯವನ್ನೋ ಇಡಿಯಾಗಿ ನೋಡಬೇಕಾದಾಗ ಬೇರೆಯೇ ದಾರಿ ಹಿಡಿಯಬೇಕಾಗುತ್ತದೆ. ಅದು ಅನುಭವಿ ವೈದ್ಯನು ನಾಡಿ ಹಿಡಿದು, ನಾಲಗೆ ನೋಡಿ, ನೂರು ಜನರ ಸಾಲಿನಿಂದ ಹತ್ತು ಜನರನ್ನು ಪಕ್ಕಕ್ಕೆ ನಿಲ್ಲಿಸುವ ದಾರಿ.

ಈ ದಾರಿಯ ಮೊದಲ ಹೆಜ್ಜೆ ಮನೆಗಳನ್ನು ಜಾತಿವಾರಿ ವಿಂಗಡಿಸುವುದು. ಮೆದ್ವೆದೆವ್, ಸ್ಪೋನ್‌ಹಾಯರ್, ಕಾರ್ನಿಕ್ ಎಂಬ ಮೂವರು ವಿಜ್ಞಾನಿಗಳು 1964ರಲ್ಲಿ ರೂಪಿಸಿದ ಒಂದು ಮಾಪಕವಿದೆ. ಇದು ಭೂಕಂಪದ ಪರಿಮಾಣವನ್ನಲ್ಲ, ತೀವ್ರತೆಯನ್ನು ಅಳೆಯುತ್ತದೆ. ಪರಿಮಾಣವು ಇಡೀ ಭೂಕಂಪಕ್ಕೆ ಒಂದೇ. ತೀವ್ರತೆಯು ಊರಿಂದೂರಿಗೆ ಬೇರೆ. ದೀಪದ ಪ್ರಭೆ ಒಂದೇ ಆದರೂ ಹತ್ತಿರ ಕುಳಿತವನ ಪುಸ್ತಕಕ್ಕೆ ಹೆಚ್ಚು ಬೆಳಕು, ದೂರದವನದಕ್ಕೆ ಕಡಮೆ. ಈ ಮಾಪಕದಲ್ಲಿ ಹನ್ನೆರಡು ತೀವ್ರತೆಗಳಿವೆ. ಕಟ್ಟಡಗಳಲ್ಲಿ ಮುಖ್ಯವಾಗಿ ಮೂರು ವರ್ಗಗಳು: ಮಣ್ಣು, ಹಸಿ ಇಟ್ಟಿಗೆ, ಕಾಡುಗಲ್ಲುಗಳ ಮನೆ ‘ಎ’ ವರ್ಗ, ಸುಟ್ಟ ಇಟ್ಟಿಗೆಯ ಸಾಮಾನ್ಯ ಮನೆ ‘ಬಿ’ ವರ್ಗ, ಕಬ್ಬಿಣ ಸೇರಿದ ಕಾಂಕ್ರೀಟಿನ ಅಥವಾ ಚೆನ್ನಾಗಿ ಕಟ್ಟಿದ ಮರದ ಮನೆ ‘ಸಿ’ ವರ್ಗ. ಹಾನಿಯಲ್ಲಿ ಐದು ದರ್ಜೆಗಳು. ಗಿಲಾವಿನ ಕೂದಲೆಳೆಯ ಬಿರುಕು ಒಂದನೆಯದು. ಗೋಡೆಯಲ್ಲಿ ಸಣ್ಣ ಬಿರುಕು ಎರಡನೆಯದು. ಆಳವಾದ ದೊಡ್ಡ ಬಿರುಕು ಮೂರನೆಯದು. ಗೋಡೆ ಬಾಯ್ದೆರೆದು ಮನೆಯ ಭಾಗ ಕುಸಿಯುವುದು ನಾಲ್ಕನೆಯದು. ಪೂರ್ಣ ನೆಲಸಮವೇ ಐದನೆಯದು. ‘ಕೆಲವು’ ಎಂದರೆ ನೂರಕ್ಕೆ ಐದು, ‘ಅನೇಕ’ ಎಂದರೆ ನೂರಕ್ಕೆ ಐವತ್ತು, ‘ಬಹುತೇಕ’ ಎಂದರೆ ನೂರಕ್ಕೆ ಎಪ್ಪತ್ತೈದು ಎಂದು ಮಾಪಕದಲ್ಲಿಯೇ ಗೊತ್ತುಮಾಡಿದ್ದಾರೆ. ಮಾತನ್ನು ಸಂಖ್ಯೆಗೆ ಕಟ್ಟಿಹಾಕಿದ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾದದ್ದು.

ನಾಲ್ಕು ನೂರು ಮನೆಗಳ ಒಂದು ಊರನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ 200 ಕಲ್ಲುಮಣ್ಣಿನ ಮನೆಗಳು, 160 ಇಟ್ಟಿಗೆಯ ಮನೆಗಳು, 40 ಕಾಂಕ್ರೀಟಿನವು. ಆ ಊರಿಗೆ ಒಂಬತ್ತನೆಯ ತೀವ್ರತೆಯ ನಡುಕ ಬಂದರೆ ಏನಾದೀತು? ಮಾಪಕದ ಪ್ರಕಾರ ‘ಎ’ ವರ್ಗದಲ್ಲಿ ಅನೇಕ ಮನೆಗಳು ಐದನೆಯ ದರ್ಜೆಯ ಹಾನಿಗೆ ಒಳಗಾಗುತ್ತವೆ; ಎಂದರೆ 100 ಮನೆಗಳು ನೆಲಸಮ. ‘ಬಿ’ ವರ್ಗದಲ್ಲಿ ಅನೇಕಕ್ಕೆ ನಾಲ್ಕನೆಯ ದರ್ಜೆ, ಕೆಲವಕ್ಕೆ ಐದನೆಯದು. ಎಂದರೆ 80 ಮನೆಗಳು ಭಾಗಶಃ ಕುಸಿದು, 8 ಪೂರ್ಣವಾಗಿ ಬೀಳುತ್ತವೆ. ‘ಸಿ’ ವರ್ಗದಲ್ಲಿ 20 ಮನೆಗಳು ದೊಡ್ಡ ಬಿರುಕು ಬಿಡುತ್ತವೆ, 2 ಭಾಗಶಃ ಕುಸಿಯುತ್ತವೆ. ಒಟ್ಟು ನೆಲಸಮವಾದ 108 ಮನೆಗಳಲ್ಲಿ ನೂರು ಒಂದೇ ವರ್ಗದವು. ನಡುಕ ಬರುವ ಮೊದಲೇ, ಒಂದು ಹಾಳೆ ಕಾಗದದ ಮೇಲೆ, ಎಷ್ಟು ಡೇರೆಗಳು ಬೇಕಾಗಬಹುದು, ಎಷ್ಟು ಹಾಸಿಗೆಗಳ ಆಸ್ಪತ್ರೆ ಬೇಕಾಗಬಹುದು, ಸರ್ಕಾರದ ಹಣ ಮೊದಲು ಯಾವ ಮನೆಗಳಿಗೆ ಸಲ್ಲಬೇಕು ಎಂಬುದರ ಅಂದಾಜು ಸಿಕ್ಕಿತು.

ಇಂಥ ಪ್ರಮಾಣಗಳು ಯಾರದೋ ಊಹೆಯಿಂದ ಬಂದವಲ್ಲ. ಬಿದ್ದ ಮನೆಗಳೇ ಕಲಿಸಿದ ಪಾಠ. 1980ರ ನವೆಂಬರ್ 23ರಂದು ದಕ್ಷಿಣ ಇಟಲಿಯ ಇರ್ಪಿನಿಯ ಎಂಬ ಬೆಟ್ಟದ ಸೀಮೆಯಲ್ಲಿ ಭೂಕಂಪವಾದಾಗ ಅಲ್ಲಿನ ಇಂಜಿನಿಯರರು ಊರೂರು ಸುತ್ತಿ, ಮೂವತ್ತು ಸಾವಿರಕ್ಕೂ ಹೆಚ್ಚು ಕಟ್ಟಡಗಳ ವಿವರವನ್ನು ಒಂದೇ ಮಾದರಿಯ ಕಾಗದದಲ್ಲಿ ತುಂಬಿದರು. ಗೋಡೆ ಯಾವುದರದು, ಮಾಳಿಗೆ ಯಾವುದರದು, ಹಾನಿ ಎಷ್ಟು. ಬಿದ್ದವುಗಳನ್ನಷ್ಟೇ ಅಲ್ಲ, ಬೀಳದೆ ನಿಂತವುಗಳನ್ನೂ ಅವರು ಬರೆದುಕೊಂಡರು. ಈ ಕಡೆಯ ಮಾತು ಮುಖ್ಯ. ದುರಂತದ ಊರಿಗೆ ಹೋದವನ ಕಣ್ಣು ಸಹಜವಾಗಿಯೇ ಕಲ್ಲಿನ ರಾಶಿಯ ಮೇಲೆ ಬೀಳುತ್ತದೆ. ನಿಂತ ಮನೆಯನ್ನು ಯಾರೂ ನೋಡುವುದಿಲ್ಲ. ಎರಡನ್ನೂ ಎಣಿಸಿದಾಗಲೇ ‘ನೂರಕ್ಕೆ ಇಷ್ಟು’ ಎಂಬ ಮಾತಿಗೆ ಅರ್ಥ ಬರುವುದು.

ಭಾರತದಲ್ಲಿ ಈ ಕೆಲಸಕ್ಕೆ ಚಾಲನೆ ದೊರೆತದ್ದು ಕಿಲ್ಲಾರಿಯ ಮರುವರ್ಷ. 1994ರಲ್ಲಿ ಕೇಂದ್ರ ಸರ್ಕಾರವು ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ರೂರ್ಕಿ ವಿಶ್ವವಿದ್ಯಾಲಯದಲ್ಲಿ ಭೂಕಂಪ ಇಂಜಿನಿಯರಿಂಗನ್ನು ಬೆಳೆಸಿದವರಲ್ಲಿ ಒಬ್ಬರಾದ ಆನಂದಸ್ವರೂಪ ಆರ್ಯರು ಅದರ ಅಧ್ಯಕ್ಷರು. ದೇಶದ ಎಲ್ಲ ಮನೆಗಳನ್ನೂ ನೋಡಿಬರುವವರು ಯಾರು? ಯೋಚಿಸಿದರೆ ಅಂಥವರು ಆಗಲೇ ಇದ್ದರು. ಹತ್ತು ವರ್ಷಕ್ಕೊಮ್ಮೆ ಜನಗಣತಿಯವರು ಪ್ರತಿಯೊಂದು ಬಾಗಿಲಿಗೂ ಹೋಗುತ್ತಾರೆ. ಗೋಡೆ ಯಾವುದರದು, ಚಾವಣಿ ಯಾವುದರದು, ನೆಲ ಯಾವುದರದು ಎಂದು ಬರೆದುಕೊಳ್ಳುತ್ತಾರೆ. ಅವರು ಅದನ್ನು ಬರೆದುಕೊಳ್ಳುವುದು ಜನರ ಜೀವನಮಟ್ಟವನ್ನು ತಿಳಿಯಲಿಕ್ಕಾಗಿ. ಆರ್ಯರ ಸಮಿತಿಯು ಅದೇ ಕಾಗದಗಳಲ್ಲಿ ಭೂಕಂಪದ ಲೆಕ್ಕವನ್ನು ಓದಿತು. ಗೋಡೆಗಳ ಪಟ್ಟಿಯನ್ನು ಒಂದು ಕೈಯಲ್ಲಿ, ವಲಯಗಳ ನಕ್ಷೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಜಿಲ್ಲೆ ಜಿಲ್ಲೆಗೂ ಪಟ್ಟಿ ತಯಾರಿಸಿತು: ಈ ಜಿಲ್ಲೆಯಲ್ಲಿ ‘ಎ’ ವರ್ಗದ ಗೋಡೆಗಳು ಇಷ್ಟು, ‘ಬಿ’ ವರ್ಗದವು ಇಷ್ಟು, ಇವುಗಳಿಗೆ ಒದಗಬಹುದಾದ ಹಾನಿ ಹೆಚ್ಚಿನದು, ಮಧ್ಯಮದ್ದು ಅಥವಾ ಅಲ್ಪ. ತಗಡು, ಬಿದಿರು, ಹುಲ್ಲಿನ ಹಗುರ ಮನೆಗಳಿಗೆ ‘ಎಕ್ಸ್’ ಎಂಬ ಬೇರೆಯೇ ವರ್ಗ. ಹೀಗೆ ಸಿದ್ಧವಾದ ‘ಭಾರತದ ಹಾನಿಸಾಧ್ಯತೆಯ ನಕ್ಷಾಸಂಪುಟ’ ಮೊದಲು ಹೊರಬಂದದ್ದು 1997ರಲ್ಲಿ. 2006ರಲ್ಲಿ ಮತ್ತು 2019ರಲ್ಲಿ ಅದರ ಪರಿಷ್ಕೃತ ಆವೃತ್ತಿಗಳು ಬಂದುವು.

ಒಂದು ಪ್ರಶ್ನೆಯನ್ನು ಹೇಗೆ ಕೇಳುತ್ತೇವೆಂಬುದರ ಮೇಲೆ ಎಷ್ಟು ನಿಂತಿದೆ ನೋಡಿ. 2001ರ ಗಣತಿಯಲ್ಲಿ ಗೋಡೆಯ ಕಲಮಿನಡಿ ‘ಕಲ್ಲು’ ಎಂಬ ಒಂದೇ ಉತ್ತರವಿತ್ತು. ಸುಣ್ಣ ಸಿಮೆಂಟುಗಳಲ್ಲಿ ಕಟ್ಟಿದ ಸೈಜುಗಲ್ಲಿನ ಗೋಡೆಯೂ ಕಲ್ಲೇ, ಕಿಲ್ಲಾರಿಯಲ್ಲಿ ಜನರನ್ನು ಕೊಂದ ಗೋಡೆಯೂ ಕಲ್ಲೇ. 2011ರಲ್ಲಿ ಆ ಉತ್ತರವನ್ನು ಎರಡಾಗಿ ಒಡೆದರು: ಗಾರೆಯಿಂದ ಬೆಸೆದ ಕಲ್ಲು, ಗಾರೆಯಿಂದ ಬೆಸೆಯದ ಕಲ್ಲು. ಕಾಗದದಲ್ಲಿ ಒಂದು ಗೆರೆ ಹೆಚ್ಚಾಯಿತು, ಅಷ್ಟೆ. ಆದರೆ ಆ ಒಂದು ಗೆರೆಯಿಂದ, ಅದುವರೆಗೆ ಒಂದೇ ಮೊತ್ತದಲ್ಲಿ ಅಡಗಿದ್ದ ಎರಡು ಬಗೆಯ ಮನೆಗಳು ಬೇರೆಬೇರೆಯಾಗಿ ಕಾಣಿಸಿದವು.

ಇಷ್ಟಾದರೂ ಗಣತಿಯ ಕಾಗದಕ್ಕೆ ಕಾಣದ್ದು ಬಹಳವಿದೆ. ಮನೆಗೆ ಎಷ್ಟು ಅಂತಸ್ತು ಎಂಬ ಪ್ರಶ್ನೆಯೇ ಅದರಲ್ಲಿರಲಿಲ್ಲ. ಇದರ ಕೊರತೆ ಎಂಥದೆಂದು 2001ರ ಜನವರಿ 26ರಂದು ತಿಳಿಯಿತು. ಅಂದು ಬೆಳಿಗ್ಗೆ ಗುಜರಾತಿನ ಕಚ್ಛದಲ್ಲಿ 7.7 ಪರಿಮಾಣದ ಭೂಕಂಪವಾಯಿತು. ಭೂಕಂಪದ ಕೇಂದ್ರದಿಂದ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಹೊಸದಾಗಿ ಕಟ್ಟಿದ ಕಾಂಕ್ರೀಟಿನ ಬಹುಮಹಡಿ ಮನೆಗಳು ಕುಸಿದು ನೂರಾರು ಜನರು ಸತ್ತರು. ಅಹಮದಾಬಾದು ಮೂರನೆಯ ವಲಯದ ನಗರ. ಬಿದ್ದವು ‘ಸಿ’ ವರ್ಗದ, ಎಂದರೆ ಎಲ್ಲಕ್ಕಿಂತ ಗಟ್ಟಿಯೆಂದು ಪಟ್ಟಿಯಲ್ಲಿ ಬರೆದ ಕಟ್ಟಡಗಳು. ಕಾರಣವನ್ನು ಹುಡುಕಿದಾಗ ಕಂಡದ್ದು ಕೆಳಗಿನ ಅಂತಸ್ತು. ಕಾರು, ಸ್ಕೂಟರುಗಳನ್ನು ನಿಲ್ಲಿಸಲೆಂದು ಅಲ್ಲಿ ಗೋಡೆಗಳನ್ನೇ ಕಟ್ಟದೆ ಬರಿಯ ಕಂಬಗಳ ಮೇಲೆ ಮೇಲಿನ ಮಹಡಿಗಳನ್ನು ನಿಲ್ಲಿಸಿದ್ದರು. ಮೇಲೆ ಗೋಡೆಗಳಿಂದ ಬಿಗಿದ ಪೆಟ್ಟಿಗೆ, ಕೆಳಗೆ ಸಣಕಲು ಕಾಲುಗಳು. ನೆಲ ಅಲುಗಿದಾಗ ಪೆಟ್ಟಿಗೆ ಮುರಿಯಲಿಲ್ಲ, ಕಾಲುಗಳು ಮುರಿದವು. ನದಿ ತಂದು ಹಾಕಿದ ಮೆಕ್ಕಲು ಮಣ್ಣಿನ ನೆಲವು ಅಲುಗಾಟವನ್ನು ಇನ್ನಷ್ಟು ಹೆಚ್ಚಿಸಿತ್ತು.

ಅದೇ ಭೂಕಂಪದಲ್ಲಿ ಪಟ್ಟಿಯನ್ನು ಇನ್ನೊಂದು ದಿಕ್ಕಿನಿಂದ ಸುಳ್ಳಾಗಿಸಿದ ಮನೆಯೂ ಇತ್ತು. ಕಚ್ಛದ ಬನ್ನಿ ಎಂಬ ಬಯಲುಸೀಮೆಯಲ್ಲಿ ಜನರು ‘ಭೂಂಗ’ ಎಂಬ ದುಂಡನೆಯ ಮಣ್ಣಿನ ಮನೆಗಳನ್ನು ಕಟ್ಟಿಕೊಳ್ಳುತ್ತಾರೆ. ಮೇಲೆ ಶಂಕುವಿನಾಕಾರದ ಹುಲ್ಲಿನ ಹೊದಿಕೆ. ಗೋಡೆ ಮಣ್ಣಿನದಾದ್ದರಿಂದ ಪಟ್ಟಿಯಲ್ಲಿ ಇದರ ಸ್ಥಾನ ಕಟ್ಟಕಡೆಯದು. ಆದರೆ ಸುತ್ತಲಿನ ಕಲ್ಲಿನ ಮನೆಗಳು ಬಿದ್ದಾಗ ಭೂಂಗಗಳಲ್ಲಿ ಬಹುಪಾಲು ನಿಂತುವು. ದುಂಡಗಿನ ಗೋಡೆಗೆ ಬಿರಿದು ಬಿಟ್ಟುಕೊಳ್ಳುವ ಮೂಲೆಗಳಿಲ್ಲ. ಹುಲ್ಲಿನ ಚಾವಣಿಗೆ ತೂಕವಿಲ್ಲ. ಮನೆಯನ್ನು ಅದರ ಸಾಮಗ್ರಿಯಿಂದಷ್ಟೇ ಅಳೆಯುವ ಪಟ್ಟಿಗೆ ಆಕಾರವೂ ಕಾಣದು, ಕಟ್ಟಿದವನ ಕೈಯೂ ಕಾಣದು. ಗವಂಡಿಯ ಕುಶಲತೆಗೆ ಯಾವ ಜನಗಣತಿಯಲ್ಲಿ ತಾನೆ ಕಲಮುಂಟು?

ಆದ್ದರಿಂದಲೇ ಪಟ್ಟಿಯ ಜೊತೆಗೆ ಕಾಲ್ನಡಿಗೆಯೂ ಬೇಕಾಯಿತು. ನಗರಗಳ ಮಟ್ಟಿಗೆ ಈಗ ಅನೇಕ ದೇಶಗಳಲ್ಲಿ, ನಮ್ಮಲ್ಲಿಯೂ, ಬೀದಿಯಲ್ಲಿ ನಿಂತು ಕಟ್ಟಡವನ್ನು ಕಣ್ಣಳತೆಯಿಂದ ಪರೀಕ್ಷಿಸುವ ಕ್ರಮವಿದೆ. ಅಮೆರಿಕದಲ್ಲಿ ಇದರ ಕೈಪಿಡಿ 1988ರಲ್ಲಿ ಪ್ರಕಟವಾಯಿತು. ಅಂಥ ಪರೀಕ್ಷಕನೊಬ್ಬನ ಹಿಂದೆ ನಾವೂ ಒಂದು ಬೀದಿಯಲ್ಲಿ ನಡೆದು ನೋಡೋಣ. ಅವನ ಕೈಯಲ್ಲಿ ಒಂದು ಹಾಳೆ, ಒಂದು ಪೆನ್ಸಿಲು. ಮೊದಲನೆಯದು ಇಟ್ಟಿಗೆಯ ಚೌಕ ಮನೆ, ಒಂದೇ ಅಂತಸ್ತು. ಆ ಬಗೆಯ ಮನೆಗೆ ಗೊತ್ತುಮಾಡಿದ ಮೂಲ ಅಂಕವನ್ನು ಅವನು ಬರೆಯುತ್ತಾನೆ. ಕಿಟಕಿ ಬಾಗಿಲುಗಳ ಮೇಲ್ಗಡೆ ಮನೆಯ ಸುತ್ತಲೂ ಕಾಂಕ್ರೀಟಿನ ಪಟ್ಟಿ ಒಡ್ಯಾಣದಂತೆ ಹೋಗಿದೆಯೆ ಎಂದು ನೋಡುತ್ತಾನೆ. ಇದ್ದರೆ ಅವನ ಮುಖ ಸ್ವಲ್ಪ ಅರಳುತ್ತದೆ. ಎರಡನೆಯ ಮನೆ ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದ್ದು. ಇಂಥದರ ಎರಡು ತೋಳುಗಳು ಬೇರೆಬೇರೆಯಾಗಿ ಅಲುಗಿ ಮೂಲೆಯಲ್ಲಿ ಹರಿದುಕೊಳ್ಳುತ್ತವೆ, ಅಂಕ ಕಳೆಯುತ್ತಾನೆ. ಮೂರನೆಯದು ಕಂಬಗಳ ಮೇಲೆ ನಿಂತ ನಾಲ್ಕು ಅಂತಸ್ತು. ಅಹಮದಾಬಾದಿನ ಪಾಠವನ್ನು ನೆನೆದು ಹೆಚ್ಚು ಅಂಕ ಕಳೆಯುತ್ತಾನೆ. ನಾಲ್ಕನೆಯದು ತುಂಬಿಸಿದ ಕೆರೆಯಂಗಳದ ಮೇಲೆ ಎದ್ದದ್ದು, ಅದಕ್ಕೂ ಕಳೆಯುತ್ತಾನೆ. ಒಂದೊಂದು ಕಟ್ಟಡಕ್ಕೆ ಅವನು ತೆಗೆದುಕೊಳ್ಳುವುದು ಅರ್ಧ ಗಂಟೆಯೊಳಗಿನ ಹೊತ್ತು.

ಕಡೆಗೆ ಉಳಿದ ಅಂಕದಲ್ಲಿ ಒಂದು ಗುಟ್ಟಿದೆ. ನಿಮ್ಮ ಗಣಿತದ ಪಾಠದಲ್ಲಿ ಹತ್ತರ ಘಾತಗಳನ್ನು ಓದಿದ್ದೀರಿ. ಆ ಕೈಪಿಡಿಯ ರೀತಿಯಲ್ಲಿ ಅಂಕ 1 ಬಂದರೆ, ಅಲ್ಲಿಗೆ ನಿರೀಕ್ಷಿಸಬಹುದಾದ ಭಾರಿ ಭೂಕಂಪದಲ್ಲಿ ಅಂಥ ಹತ್ತು ಕಟ್ಟಡಗಳಲ್ಲಿ ಒಂದು ಕುಸಿಯಬಹುದೆಂದು ಅರ್ಥ. 2 ಬಂದರೆ ನೂರರಲ್ಲಿ ಒಂದು. 3 ಬಂದರೆ ಸಾವಿರದಲ್ಲಿ ಒಂದು. ಸಾಮಾನ್ಯವಾಗಿ ಎರಡಕ್ಕಿಂತ ಕಡಮೆ ಬಂದ ಕಟ್ಟಡಗಳನ್ನು ಇಂಜಿನಿಯರರ ಸವಿವರ ಪರೀಕ್ಷೆಗೆ ಕಳಿಸುತ್ತಾರೆ. ಈಗ ಉಪಗ್ರಹಗಳು ತೆಗೆದ ಚಿತ್ರಗಳಿಂದ ಚಾವಣಿಗಳ ಆಕಾರವನ್ನೂ ಎತ್ತರವನ್ನೂ ಗಣಕಯಂತ್ರಗಳೇ ಗುರುತಿಸಬಲ್ಲವು, ಕೆಲಸ ಬೇಗವಾಗಿದೆ. ಆದರೂ ಗಿಲಾವಿನ ಹಿಂದೆ ಮಣ್ಣಿದೆಯೋ ಸಿಮೆಂಟಿದೆಯೋ ಎಂಬುದು ಆಕಾಶದಿಂದ ಕಾಣುವುದಿಲ್ಲ.

ಮನೆಯ ಗಣತಿ ಮನೆಯೊಳಗಿನವರಿಗಾಗಿ ಮಾತ್ರವೆಂದು ತಿಳಿಯಬಾರದು. ಕಚ್ಛದ ಅಂಜಾರ್ ಪಟ್ಟಣದಲ್ಲಿ ಆ ಗಣರಾಜ್ಯೋತ್ಸವದ ಬೆಳಿಗ್ಗೆ ಶಾಲೆಯ ಮಕ್ಕಳು ಪಥಸಂಚಲನ ಹೊರಟಿದ್ದರು. ಇಕ್ಕಟ್ಟಾದ ಓಣಿಯಲ್ಲಿ ಅವರು ನಡೆಯುತ್ತಿದ್ದಾಗ ಎರಡೂ ಕಡೆಯ ಮನೆಗಳು ಅವರ ಮೇಲೆ ಕುಸಿದವು. 185 ಮಕ್ಕಳೂ 20 ಜನ ಶಿಕ್ಷಕರೂ ಸತ್ತರು. ಬಯಲಿಗೆ ಬಂದರೆ ಬದುಕಬಹುದೆಂದು ನಾವು ಹೇಳುತ್ತೇವೆ. ಅವರು ಮನೆಯಿಂದ ಹೊರಗೇ ಇದ್ದರು. ಪರೀಕ್ಷಕನ ಹಾಳೆಯಲ್ಲಿ ಓಣಿಯ ಅಗಲವೂ, ಬೀದಿಗೆ ಚಾಚಿದ ಬಿಸಿಲುಮಚ್ಚು, ಕೈಪಿಡಿಗೋಡೆಗಳೂ ಸೇರಬೇಕೆಂದು ವಾದಿಸುವವರ ಮಾತಿಗೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಾಗಿಲ್ಲ.

ಪರೀಕ್ಷಕನು ಹಾಳೆಯನ್ನು ಮಡಿಸಿ ಹೊರಡುವಾಗ ಮನೆಯ ಯಜಮಾನನು ಹೊರಗೆ ಬಂದು, “ಸ್ವಾಮಿ, ನಮ್ಮ ಮನೆ ಬೀಳುತ್ತದೆಯೆ?” ಎಂದು ಕೇಳಿದರೆ ಏನು ಉತ್ತರ ಕೊಡಬೇಕು? ಇದು ಈ ವಿದ್ಯೆಯ ಅತ್ಯಂತ ಇಕ್ಕಟ್ಟಿನ ಗಳಿಗೆ. ನೂರು ಮನೆಗಳಲ್ಲಿ ಐವತ್ತು ಬೀಳುವುವೆಂದು ಧೈರ್ಯವಾಗಿ ಹೇಳಬಲ್ಲವನು, ಆ ಐವತ್ತರಲ್ಲಿ ಈ ಮನೆ ಇದೆಯೋ ಇಲ್ಲವೋ ಎಂದು ಹೇಳಲಾರನು. ಜಿಲ್ಲೆಗೆ ನಿಜವಾದ ಸಂಖ್ಯೆ ಒಂದು ಮನೆಗೆ ಬರಿಯ ಸಂಭವ. ಹೆದರಿಸಿದರೆ, ಬೇರೆ ಮನೆ ಕಟ್ಟುವ ಶಕ್ತಿಯಿಲ್ಲದವನ ನಿದ್ರೆ ಕೆಡುತ್ತದೆ. ಸುಮ್ಮನಿದ್ದರೆ ತಿಳಿದೂ ಹೇಳದ ಹೊಣೆ ಉಳಿಯುತ್ತದೆ. ಹಾಗಾಗಿ ಬಲ್ಲವರು ಅಂಕವನ್ನು ಹೇಳಿ ನಿಲ್ಲಿಸುವುದಿಲ್ಲ. ಏನು ಮಾಡಬಹುದೆಂಬುದನ್ನೂ ಹೇಳುತ್ತಾರೆ.

ಕಿಲ್ಲಾರಿಯ ಸೀಮೆಯಲ್ಲಿ ಭೂಕಂಪದ ಬಳಿಕ ಎಷ್ಟೋ ಕುಟುಂಬಗಳಿಗೆ ಕಲ್ಲಿನ ಗೋಡೆಯೆಂದರೇ ಭಯವಾಯಿತು. ನಿಂತ ಮನೆಯಿದ್ದರೂ ಅದರೊಳಗೆ ಮಲಗದೆ ಹೊರಗೆ ತಗಡಿನ ಆಸರೆ ಕಟ್ಟಿಕೊಂಡು, ಬೇಸಗೆಯಲ್ಲಿ ಬೆಂದು ಚಳಿಯಲ್ಲಿ ನಡುಗಿದರು. ತಪ್ಪು ಕಲ್ಲಿನದಲ್ಲ ಎಂಬುದನ್ನು ಅವರಿಗೆ ಮಾತಿನಿಂದ ಒಪ್ಪಿಸುವುದು ಸಾಧ್ಯವಿರಲಿಲ್ಲ. ನೆಲಸಮವಾದ ಊರುಗಳನ್ನು ಬೇರೆ ಸ್ಥಳದಲ್ಲಿ ಹೊಸದಾಗಿ ಕಟ್ಟಿದರು. ಹಾನಿಗೊಂಡು ನಿಂತ ಮನೆಗಳನ್ನು ಬಲಪಡಿಸುವ ವಿಧಾನವನ್ನೂ ಇಂಜಿನಿಯರರು ಹಳ್ಳಿಗಳಲ್ಲಿ ಮಾಡಿ ತೋರಿಸಿದರು. ಮೊದಲು ಮಾಳಿಗೆಯ ಮಣ್ಣನ್ನು ತೆಗೆದು ಹಗುರಮಾಡಬೇಕು. ಬಳಿಕ ಗೋಡೆಯಲ್ಲಿ ಅಲ್ಲಲ್ಲಿ, ಒಂದೊಂದು ಕಲ್ಲನ್ನು ಮೆಲ್ಲಗೆ ಅಲುಗಿಸಿ ತೆಗೆದು, ಕೈ ತೂರುವಷ್ಟು ಕಂಡಿಯನ್ನು ಒಳಮೈಯಿಂದ ಹೊರಮೈವರೆಗೆ ಮಾಡಬೇಕು. ಎರಡು ತುದಿಗಳನ್ನೂ ಕೊಕ್ಕೆಯಂತೆ ಬಾಗಿಸಿದ ಕಬ್ಬಿಣದ ಸರಳನ್ನು ಅದರಲ್ಲಿಟ್ಟು ಕಾಂಕ್ರೀಟು ತುಂಬಬೇಕು. ಅಜ್ಜಂದಿರು ಇಡದೆ ಬಿಟ್ಟ ಬಂಧಗಲ್ಲು ಹೀಗೆ ಮೊಮ್ಮಕ್ಕಳ ಕಾಲದಲ್ಲಿ ಗೋಡೆಯೊಳಗೆ ಬಂದು ಕೂಡುತ್ತದೆ. ಕೆಲಸ ಮುಗಿದ ಮೇಲೆ ನೋಡಿದರೆ ಅದೇ ಹಳೆಯ ಮನೆ, ಅದೇ ಕಾಡುಗಲ್ಲು. ಮಾರಿಗೊಂದರಂತೆ ಅಂಗೈಯಗಲದ ಸಿಮೆಂಟಿನ ಗುರುತು ಮಾತ್ರ ಹೊಸದು. ಜನಗಣತಿಯವನು ಬಂದರೆ ತನ್ನ ಕಾಗದದಲ್ಲಿ ‘ಗಾರೆಯಿಂದ ಬೆಸೆಯದ ಕಲ್ಲು’ ಎಂದೇ ಬರೆದುಕೊಂಡು ಹೋಗುತ್ತಾನೆ. ಆ ಗುರುತುಗಳನ್ನು ಎಣಿಸುವ ಕಲಮು ಅವನ ಕಾಗದದಲ್ಲಿಲ್ಲ.